ಅರ್ಧ ದಿನದ ಕ್ಯಾಟಮರಾನ್ ಟ್ರಿಪ್: ದ್ವೀಪ ಎಣಿಸಬೇಡಿ, ನೀರಿನಲ್ಲಿ ಸಿಗುವ ನಿಮಿಷ ಎಣಿಸಿ

ಕ್ಯಾಟಮರಾನ್ ಅಂದರೆ ಎರಡು ಒಡಲಿನ ಬೋಟು. ಅದರ ಟ್ರಿಪ್ ಮಾರುವ ಜೆಟ್ಟಿಯ ಪಕ್ಕದ ಬೋರ್ಡುಗಳಲ್ಲಿ ಎದ್ದು ಕಾಣುವುದು ದ್ವೀಪಗಳ ಸಂಖ್ಯೆ. ಒಬ್ಬರದು ‘ಅರ್ಧ ದಿನಕ್ಕೆ ಎರಡು ದ್ವೀಪ’, ಪಕ್ಕದವರದು ‘ಅರ್ಧ ದಿನಕ್ಕೆ ನಾಲ್ಕು’. ದರದಲ್ಲಿ ಅಂಥ ವ್ಯತ್ಯಾಸ ಇಲ್ಲದಿದ್ದರೆ ನಾಲ್ಕರದ್ದೇ ಲಾಭ ಅನ್ನಿಸುತ್ತದೆ. ಆದರೆ ನೀರಿಗಿಳಿದು ಹವಳ, ಮೀನು ನೋಡಬೇಕು ಅನ್ನುವವರಿಗೆ ಈ ಲೆಕ್ಕ ನಷ್ಟದ್ದು. ಮುಖ ನೀರಿನಲ್ಲಿಟ್ಟು ಎಷ್ಟು ನಿಮಿಷ ಸಿಗುತ್ತದೆ ಅನ್ನುವುದನ್ನು ಮೊದಲು ಕೇಳಬೇಕು. ಬೋಟು ಯಾವುದು, ಹೊತ್ತು ಯಾವುದು, ಜಾಗ ಯಾವುದು ಅನ್ನುವುದೆಲ್ಲ ಆ ಉತ್ತರದ ಮೇಲೆ ನಿಂತಿದೆ.

240 ನಿಮಿಷ ಎಲ್ಲಿ ಹೋಗುತ್ತವೆ

ಅರ್ಧ ದಿನದ ಟ್ರಿಪ್ ಅಂದರೆ ನಾಲ್ಕು ಗಂಟೆ, 240 ನಿಮಿಷ. ಹತ್ತುವುದು, ತಲೆ ಎಣಿಸುವುದು, ಸುರಕ್ಷತೆಯ ಮಾತು ಎಲ್ಲ ಸೇರಿ 20. ವಾಪಸು ಬಂದು ಕಟ್ಟಿ ಇಳಿಯಲು 10. ಹವಳದ ದಿಬ್ಬ 5 ನಾಟಿಕಲ್ ಮೈಲಿ ದೂರದಲ್ಲಿದೆ, ಅಂದರೆ ಸುಮಾರು 9 ಕಿಲೋಮೀಟರ್. ಬೋಟು 7 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ 7 ನಾಟಿಕಲ್ ಮೈಲಿ ಹೋಗುತ್ತದೆ ಅಂದುಕೊಳ್ಳಿ. ಹೋಗಲು 43 ನಿಮಿಷ, ಬರಲು 43. ಅಲ್ಲಿಗೆ ಕೈಯಲ್ಲಿ ಉಳಿದದ್ದು 124.

ಇನ್ನು ಒಂದೊಂದು ಸ್ಟಾಪಿಗೂ ಅದರದ್ದೇ ತೆರಿಗೆ ಇದೆ. ಬೋಟು ಕಟ್ಟಲು 5-10 ನಿಮಿಷ, ಎಲ್ಲರೂ ಮಾಸ್ಕ್, ಫಿನ್ (ಕಾಲಿಗೆ ಹಾಕುವ ಈಜುರೆಕ್ಕೆ) ಹಾಕಿಕೊಂಡು ಇಳಿಯಲು 15, ಮತ್ತೆ ಹತ್ತಿಸಿ ತಲೆ ಎಣಿಸಲು ಇನ್ನೊಂದು 10. ಒಟ್ಟು 30 ನಿಮಿಷಕ್ಕೆ ಕಮ್ಮಿ ಇಲ್ಲ. ಸ್ಟಾಪ್ ಒಂದೇ ಆದರೆ 94 ನಿಮಿಷ ಉಳಿಯುತ್ತದೆ. ಅದರಲ್ಲಿ ಊಟ, ತಿಂಡಿಗೆ ಅರ್ಧ ಗಂಟೆ ಕಳೆದರೂ ಒಂದು ಗಂಟೆ ನೀರು ಗಟ್ಟಿ. ಎರಡು ಸ್ಟಾಪ್ ಮಾಡಿ, ನಡುವಿನ ಓಡಾಟಕ್ಕೆ 15 ನಿಮಿಷ ಕೊಟ್ಟರೆ 49 ಉಳಿಯುತ್ತದೆ: ಒಂದೊಂದಕ್ಕೆ 25 ನಿಮಿಷವೂ ಇಲ್ಲ, ತಿನ್ನುವುದೆಲ್ಲ ಬೋಟು ಓಡುವಾಗಲೇ ಮುಗಿಯಬೇಕು. ಮೂರನೆಯ ಸ್ಟಾಪಿಗೆ ಲೆಕ್ಕ ಹಾಕಿ ನೋಡಿ, ಹತ್ತು ನಿಮಿಷವೂ ಉಳಿಯುವುದಿಲ್ಲ. ಹಾಗಾಗಿ ‘ನಾಲ್ಕು ದ್ವೀಪ’ದಲ್ಲಿ ಎರಡನ್ನು ಬೋಟಿನ ಮೇಲಿಂದಲೇ ಬೆರಳು ತೋರಿಸಿ ಮುಗಿಸುತ್ತಾರೆ. ಅದರಲ್ಲಿ ಮೋಸ ಇಲ್ಲ, ದ್ವೀಪ ತೋರಿಸಿದ್ದಂತೂ ನಿಜ.

ಸೂತ್ರ ಸರಳ: ದೂರವನ್ನು ನಾಟಿಕಲ್ ಮೈಲಿಯಲ್ಲಿ ಕೇಳಿ, ವೇಗದ ನಾಟ್‌ನಿಂದ ಭಾಗಿಸಿ, 60ರಿಂದ ಗುಣಿಸಿ. ಬಂದದ್ದು ಒಂದು ದಿಕ್ಕಿನ ನಿಮಿಷ. ಒಂದು ನಾಟಿಕಲ್ ಮೈಲಿ 1.852 ಕಿ.ಮೀ. ಮ್ಯಾಪಿನಲ್ಲಿ ನೀವೇ ಅಳೆಯುವುದಾದರೆ ನೇರ ಗೆರೆಗಿಂತ ಸ್ವಲ್ಪ ಹೆಚ್ಚೇ ಹಿಡಿಯಿರಿ. ದಿಬ್ಬಗಳನ್ನು ಬಳಸಿಕೊಂಡೇ ಬೋಟು ಹೋಗಬೇಕು.

ಹಾಯಿಯದ್ದೋ, ಇಂಜಿನಿನದ್ದೋ, ಸ್ಪೀಡ್ ಬೋಟೋ

ಹಾಯಿ ಇರುವ ಕ್ಯಾಟಮರಾನ್ 6ರಿಂದ 8 ನಾಟ್ ವೇಗದಲ್ಲಿ ಸಾಗುತ್ತದೆ. ಬರೀ ಇಂಜಿನಿನ ಪವರ್ ಕ್ಯಾಟಮರಾನ್ ಸಲೀಸಾಗಿ 15-20 ನಾಟ್ ಓಡುತ್ತದೆ. ಸ್ಪೀಡ್ ಬೋಟು 25 ದಾಟುತ್ತದೆ. ಮೇಲಿನ ಅದೇ 5 ಮೈಲಿಯನ್ನು 18 ನಾಟ್‌ನ ಪವರ್ ಕ್ಯಾಟ್ 17 ನಿಮಿಷದಲ್ಲಿ ಮುಗಿಸುತ್ತದೆ, ಸ್ಪೀಡ್ ಬೋಟು 12 ನಿಮಿಷದಲ್ಲಿ. ಉಳಿದ ಹೊತ್ತೆಲ್ಲ ನೀರಿಗೆ ಸಲ್ಲುತ್ತದೆ.

ಹಾಗಂತ ಸ್ಪೀಡ್ ಬೋಟೇ ಒಳ್ಳೆಯದು ಅನ್ನಲಾಗದು. ಅಲೆ ಮುಕ್ಕಾಲು ಮೀಟರ್ ಎದ್ದಿದ್ದರೂ ಅದು ಅಲೆಯಿಂದ ಅಲೆಗೆ ಹಾರಿ ಬೀಳುತ್ತದೆ, ಪ್ರತಿ ಬೀಳೂ ಸೊಂಟಕ್ಕೆ ನೇರ. ಗರ್ಭಿಣಿಯರು, ಬೆನ್ನು ಕುತ್ತಿಗೆ ನೋವಿರುವವರು, ಚಿಕ್ಕ ಮಕ್ಕಳಿರುವವರು ಅತ್ತ ಹೋಗಲೇಬಾರದು. ಬಹಳಷ್ಟರಲ್ಲಿ ನೆರಳಿಲ್ಲ, ಶೌಚಾಲಯವೂ ಇಲ್ಲ. ನಮ್ಮ ಆಯ್ಕೆ ಹೀಗೆ: ದಿಬ್ಬ 5-6 ಮೈಲಿಯೊಳಗಿದ್ದರೆ ಹಾಯಿಯ ಕ್ಯಾಟಮರಾನ್, 8 ದಾಟಿದರೆ ಪವರ್ ಕ್ಯಾಟ್. ಅಷ್ಟು ದೂರಕ್ಕೆ ಹಾಯಿ ಹಿಡಿದು ಹೋದರೆ ಅರ್ಧ ದಿನವೆಲ್ಲ ದಾರಿಯಲ್ಲೇ ಕರಗುತ್ತದೆ.

ಕ್ಯಾಟಮರಾನ್ ಅನ್ನುವ ಹೆಸರಿನ ಮೂಲ ತಮಿಳಿನ ಕಟ್ಟುಮರ. ಕನ್ನಡದ ಕಿವಿಗೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಕಟ್ಟುಮರ ಮರದ ದಿಮ್ಮಿಗಳನ್ನು ಬಿಗಿದ ತೆಪ್ಪ, ಈಗಿನ ಎರಡು ಒಡಲಿನ ರಚನೆ ಪೆಸಿಫಿಕ್ ದ್ವೀಪವಾಸಿಗಳ ಜೋಡಿ ದೋಣಿಯಿಂದ ಬಂದದ್ದು. ಹೆಸರು ಒಂದು ಸಾಗರದ್ದು, ರೂಪ ಇನ್ನೊಂದರದ್ದು. ಎರಡು ಒಡಲಿನ ಲಾಭ ಅಗಲ: 40-45 ಅಡಿ ಉದ್ದದ ಬೋಟು 22ರಿಂದ 25 ಅಡಿ ಅಗಲ ಇರುತ್ತದೆ. ಒಂದೇ ಒಡಲಿನ ಹಾಯಿದೋಣಿಯ ಹಾಗೆ ಒಂದು ಪಕ್ಕಕ್ಕೆ ವಾಲಿಕೊಂಡು ಓಡುವುದಿಲ್ಲ. ನೀರಿನೊಳಗೆ ಮುಳುಗಿರುವ ಭಾಗವೂ ಕಡಿಮೆ, ಸುಮಾರು ಒಂದು ಮೀಟರ್ ಚಿಲ್ಲರೆ. ಅದರಿಂದ ದಿಬ್ಬಕ್ಕೆ ಹತ್ತಿರ ಹೋಗಿ ನಿಲ್ಲಬಲ್ಲದು, ನೀವು ಈಜಬೇಕಾದ ದೂರ ಕಡಿಮೆಯಾಗುತ್ತದೆ.

ಆದರೆ ‘ಕ್ಯಾಟಮರಾನ್‌ನಲ್ಲಿ ಹೊಟ್ಟೆ ತೊಳಸುವುದಿಲ್ಲ’ ಅನ್ನುವ ಮಾತು ಅರ್ಧ ಸತ್ಯ. ವಾಲಾಟ ಕಡಿಮೆ, ಕುಲುಕಾಟ ಕಡಿಮೆಯಲ್ಲ. ಅಲೆ ಎದುರಿನಿಂದ ಬಂದರೆ ಎರಡು ಒಡಲುಗಳ ನಡುವಿನ ತಳಕ್ಕೆ ನೀರು ಅಪ್ಪಳಿಸಿ ಬೋಟು ಚಿಕ್ಕ ಚಿಕ್ಕ ಜರ್ಕಿನಲ್ಲಿ ನಡುಗುತ್ತದೆ. ಫೋಟೋಕ್ಕೆಂದು ಎಲ್ಲರೂ ಮಲಗುವ ಮುಂಭಾಗದ ಬಲೆಯಲ್ಲೇ ಈ ಏರಿಳಿತ ಅತಿ ಹೆಚ್ಚು. ಹೊಟ್ಟೆ ಸೂಕ್ಷ್ಮ ಇರುವವರು ಹಿಂಭಾಗದಲ್ಲಿ, ನಡುಗೆರೆಗೆ ಹತ್ತಿರ, ದಿಗಂತ ಕಾಣುವ ಹಾಗೆ ಕೂರಬೇಕು. ಹಿಂದೆ ಡೀಸೆಲ್ ಹೊಗೆ ಸುತ್ತುತ್ತಿದ್ದರೆ ಒಂದೆರಡು ಹೆಜ್ಜೆ ಮುಂದೆ ಬನ್ನಿ. ಒಳಗಿನ ಕ್ಯಾಬಿನ್ನಿಗೆ ಮಾತ್ರ ಇಳಿಯಬೇಡಿ.

ಹಾಯಿಯ ಆಸೆಗೇ ಹೋಗುವವರಿಗೆ ಇನ್ನೊಂದು ಮಾತು. ಯಾವ ಹಾಯಿದೋಣಿಯೂ ಗಾಳಿಗೆ ನೇರ ಎದುರಾಗಿ ಹೋಗಲಾರದು. ಕ್ಯಾಟಮರಾನ್ ಗಾಳಿಯ ದಿಕ್ಕಿನಿಂದ ಸುಮಾರು 50 ಡಿಗ್ರಿ ಓರೆಯಾದರೂ ಇರಬೇಕು. ಓರೆ ಓರೆಯಾಗಿ ಸಾಗಲು ಅರ್ಧ ದಿನದ ಟ್ರಿಪ್‌ನಲ್ಲಿ ಪುರುಸೊತ್ತಿಲ್ಲ. ಹಾಗಾಗಿ ಗಾಳಿಗೆ ಎದುರಿನ ಹಾದಿಯನ್ನು ಇಂಜಿನ್ ಹಾಕಿಯೇ ಮುಗಿಸುತ್ತಾರೆ, ಹಾಯಿ ಸುಮ್ಮನೆ ಮಡಚಿಕೊಂಡಿರುತ್ತದೆ. ‘ಹೋಗುವಾಗ ಹಾಯಿ ಎತ್ತುತ್ತೀರೋ, ಬರುವಾಗಲೋ, ಎಷ್ಟು ಹೊತ್ತು?’ ಅಂತ ಬುಕ್ ಮಾಡುವಾಗಲೇ ಕೇಳಿ. ಗಾಳಿ ಪಕ್ಕದಿಂದ ಬೀಸುವ ಹಾದಿಯಾದರೆ ಎರಡೂ ಕಡೆ ಹಾಯಿ ಸಿಗುತ್ತದೆ.

ಬೆಳಗ್ಗೆಯೋ ಮಧ್ಯಾಹ್ನವೋ

ಸ್ನಾರ್ಕೆಲಿಂಗ್, ಅಂದರೆ ಮಾಸ್ಕ್ ಹಾಕಿ ಕೊಳವೆಯಲ್ಲಿ ಉಸಿರಾಡುತ್ತ ನೀರಿನ ಮೇಲೆ ತೇಲಿ ಕೆಳಗೆ ನೋಡುವುದು ಮುಖ್ಯ ಅನ್ನುವವರು ಬೆಳಗಿನದನ್ನೇ ಹಿಡಿಯಬೇಕು. ಉಷ್ಣವಲಯದಲ್ಲಿ ನೆಲ ಕಾದಂತೆ ಹತ್ತು ಹನ್ನೊಂದರ ಮೇಲೆ ಗಾಳಿ ಬಲಿಯುತ್ತದೆ, ಮಧ್ಯಾಹ್ನ ಎರಡು ಮೂರಕ್ಕೆ ಜೋರಾಗಿರುತ್ತದೆ. 10 ನಾಟ್ ಗಾಳಿಗೆ ನೀರಿನ ಮೇಲೆ ಸಣ್ಣ ಅಲೆ. 15ಕ್ಕೆ ಬಂತೆಂದರೆ ಬಿಳಿ ನೊರೆ ಏಳುತ್ತದೆ, ತೆರೆದ ಕಡಲಿನಲ್ಲಿ ಅಲೆ ಒಂದು ಮೀಟರಿಗೆ ಬರುತ್ತದೆ. ಆಗ ಸ್ನಾರ್ಕೆಲ್ ಕೊಳವೆಗೆ ನೀರು ನುಗ್ಗುತ್ತದೆ, ತಳದ ಮರಳು ಎದ್ದು ನೀರು ಹಾಲಿನ ಹಾಗಾಗುತ್ತದೆ. ಹೊಸಬರು ಹೆದರುವುದು ಹೆಚ್ಚಾಗಿ ಈ ಹೊತ್ತಿನಲ್ಲೇ. ತೀರಾ ಬೇಗ ಹೋದರೂ ಉಪಯೋಗವಿಲ್ಲ. ಸೂರ್ಯ ಕೆಳಗಿದ್ದರೆ ಬೆಳಕು ನೀರಿನ ಮೇಲೇ ಜಾರಿಹೋಗುತ್ತದೆ, ಹವಳ ಮಂಕಾಗಿ ಕಾಣುತ್ತದೆ. ಎಂಟಕ್ಕೆ ಹೊರಟು ಒಂಬತ್ತರಿಂದ ಹನ್ನೊಂದರ ನಡುವೆ ನೀರಿನಲ್ಲಿರುವ ಟ್ರಿಪ್ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಬೋಟಿನ ಸವಾರಿ, ಗಾಳಿ ತುಂಬಿದ ಹಾಯಿ, ಸೂರ್ಯಾಸ್ತ ಬೇಕು, ಮೀನು ಸಿಕ್ಕಿದಷ್ಟು ಸಾಕು ಅನ್ನುವವರಿಗೆ ಮಧ್ಯಾಹ್ನದ್ದೇ ಚೆಂದ.

ಗಡಿಯಾರದಷ್ಟೇ ಮುಖ್ಯವಾದದ್ದು ಉಬ್ಬರವಿಳಿತ. ಬುಕಿಂಗ್ ಪುಟದಲ್ಲಿ ಇದರ ಸುದ್ದಿಯೇ ಇರುವುದಿಲ್ಲ. ಉಬ್ಬರ ಏರುವಾಗ ಹೊರಗಡಲಿನ ತಿಳಿನೀರು ಒಳಗೆ ಬರುತ್ತದೆ. ಇಳಿಯುವಾಗ ಲಗೂನಿನ (ದಿಬ್ಬದ ಒಳಗಿನ ತೆಳುನೀರಿನ) ಮರಳು, ಕಸ ಕದಡಿಕೊಂಡು ಹೊರಗೆ ಹರಿಯುತ್ತದೆ. ಉಬ್ಬರದ ಕೊನೆಯ ಒಂದು ಗಂಟೆ, ಆಮೇಲೆ ನೀರು ನಿಂತಿರುವ ಸ್ವಲ್ಪ ಹೊತ್ತು, ಇವೇ ಅತ್ಯುತ್ತಮ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ಈ ಸೋಮವಾರ ಗಾಜಿನ ಹಾಗಿದ್ದ ಒಂಬತ್ತು ಗಂಟೆಯ ನೀರು ಶುಕ್ರವಾರ ಅದೇ ಒಂಬತ್ತಕ್ಕೆ ಕದಡಿರಬಹುದು. ನಾಲ್ಕು ದಿನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ ಜರುಗಿರುತ್ತದೆ. ಒಂದೇ ಟ್ರಿಪ್‌ಗೆ ಒಬ್ಬರು ಐದು ನಕ್ಷತ್ರ, ಇನ್ನೊಬ್ಬರು ಒಂದು ನಕ್ಷತ್ರ ಕೊಟ್ಟಿರುವುದಕ್ಕೆ ಇದೂ ಒಂದು ಕಾರಣ. ಆ ಊರಿನ ಉಬ್ಬರದ ಪಟ್ಟಿ ನೋಡಿ ದಿನ ಆರಿಸಿಕೊಳ್ಳಿ. ಕೆರಿಬಿಯನ್‌ನ ಬಹುತೇಕ ಕಡೆ ಏರಿಳಿತ ಅರ್ಧ ಮೀಟರೂ ಇಲ್ಲ, ಅಂಥಲ್ಲಿ ಗಾಳಿಯನ್ನಷ್ಟೇ ನೋಡಿದರೆ ಸಾಕು.

ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮಾರನೆಯ ಒಂದೆರಡು ದಿನ ಏರಿಳಿತ ದೊಡ್ಡದು, ದ್ವೀಪಗಳ ನಡುವಿನ ಕಿರಿದಾದ ಕಾಲುವೆಗಳಲ್ಲಿ ಸೆಳೆತವೂ ಜೋರು. ಅಷ್ಟಮಿಯ ಆಸುಪಾಸಿನಲ್ಲಿ ಸೌಮ್ಯ. ಒಂದು ನಾಟ್ ಸೆಳೆತ ಅಂದರೆ ನಿಮಿಷಕ್ಕೆ 30 ಮೀಟರ್. ಫಿನ್ ಹಾಕಿಕೊಂಡ ಸಾಮಾನ್ಯ ಈಜುಗಾರ ಅದಕ್ಕೆ ಎದುರಾಗಿ ಕಾಲು ಬಡಿದರೆ ನಿಂತಲ್ಲೇ ನಿಂತಿರುತ್ತಾನೆ, ಅದೂ ಸುಸ್ತಾಗುವವರೆಗೆ. ಇಳಿಯುವ ಮೊದಲು ಬೋಟು ಕಟ್ಟಿರುವ ತೇಲುಬುರುಡೆಯನ್ನು ನೋಡಿ. ಅದು ನೆಟ್ಟಗೆ ಕೂತಿದ್ದು ಸುತ್ತ ನೀರು ಸುಮ್ಮನಿದ್ದರೆ ಚಿಂತೆಯಿಲ್ಲ. ಬುರುಡೆ ಒಂದು ಕಡೆಗೆ ಓರೆಯಾಗಿ, ಅದರ ಹಿಂದೆ ಓಡುವ ದೋಣಿಯ ಹಿಂದೆ ಏಳುವಂಥ ಗೆರೆಗಳು ಎದ್ದಿದ್ದರೆ ಬೋಟು ನಿಂತಿದೆ, ಓಡುತ್ತಿರುವುದು ನೀರು ಅಂತ ತಿಳಿಯಿರಿ. ಈಜು ಕಚ್ಚಾ ಇರುವವರು ಅಂಥಲ್ಲಿ ಇಳಿಯಬಾರದು. ಸೆಳೆತ ಅಲ್ಪ ಇದ್ದಾಗಲೂ ಮೊದಲು ಅದಕ್ಕೆ ಎದುರಾಗಿ ಹೋಗಿ. ದಣಿದ ಮೇಲೆ ಅದೇ ನಿಮ್ಮನ್ನು ಬೋಟಿಗೆ ತಂದು ಬಿಡುತ್ತದೆ.

ಲಗೂನೋ, ಹೊರದಿಬ್ಬವೋ

ಆಳ ಹೆಚ್ಚಿದ್ದರೆ ಹೆಚ್ಚು ನೋಡಬಹುದು ಅನ್ನುವುದು ತಪ್ಪು ಕಲ್ಪನೆ. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಐದು ಮೀಟರಿಗೆಲ್ಲ ಅದು ಹೆಚ್ಚೂ ಕಡಿಮೆ ಮಾಯ. ಹತ್ತು ಮೀಟರ್ ಕೆಳಗಿನ ದಿಬ್ಬ ಮೇಲಿನಿಂದ ನೋಡುವವರಿಗೆ ನೀಲಿ ಬೂದಿಯ ಗುಡ್ಡೆ. ಎರಡರಿಂದ ನಾಲ್ಕು ಮೀಟರ್ ಆಳದ ಜಾಗದಲ್ಲಿ ಬಣ್ಣ ತುಂಬಿರುತ್ತದೆ. ತೀರಾ ತೆಳುವಾದರೆ ಬೇರೆ ತೊಂದರೆ. ಇಳಿತದಲ್ಲಿ ಅರ್ಧ ಮೀಟರ್ ನೀರು ಉಳಿದರೆ ಹೊಟ್ಟೆ, ಮಂಡಿ ಹವಳಕ್ಕೆ ತರಚುತ್ತವೆ, ಹವಳದ ತರಚು ಬೇಗ ಮಾಯುವುದಿಲ್ಲ.

ಹೊಸಬರಿಗೆ, ಮಕ್ಕಳಿಗೆ ಲಗೂನಿನೊಳಗೆ ಮರಳು ತಳವಿದ್ದು ಪಕ್ಕದಲ್ಲಿ ದಿಬ್ಬ ಇರುವ ಜಾಗ. ನಿಂತು ಮಾಸ್ಕ್ ಸರಿಮಾಡಿಕೊಳ್ಳಲು ಮರಳು ಬೇಕು, ಹವಳದ ಮೇಲೆ ಕಾಲೂರುವಂತಿಲ್ಲ. ನೀರಿನಲ್ಲಿ ಧೈರ್ಯ ಇರುವವರಿಗೆ ಗಾಳಿಮರೆಯ ಹೊರದಿಬ್ಬದ ಅಂಚು: ಒಂದು ಕಡೆ ಮೂರು ಮೀಟರಿನಲ್ಲಿ ಬಣ್ಣ, ಪಕ್ಕದಲ್ಲೇ ಕಡುನೀಲಿ ಆಳ, ಅಲ್ಲಿಂದ ದೊಡ್ಡ ಮೀನು, ಆಮೆ ಬರುವ ಸಾಧ್ಯತೆ. ಸಾಧ್ಯತೆ ಮಾತ್ರ. ‘ಆಮೆ ಗ್ಯಾರಂಟಿ’ ಅನ್ನುವವರ ಮಾತಿಗೆ ಬೆಲೆ ಕೊಡಬೇಡಿ. ಮೀನಿಗೆ ಬ್ರೆಡ್ಡು ಎಸೆದು ತೋರಿಸುವವರನ್ನೂ ಬಿಡಿ. ಹಾಗೆ ರೂಢಿಯಾದ ಮೀನು ಬೆರಳು ಕಚ್ಚುತ್ತದೆ.

ಬೋಟು ತೇಲುಬುರುಡೆಗೆ ಕಟ್ಟುತ್ತಾರೋ, ಲಂಗರು ಹಾಕುತ್ತಾರೋ ಕೇಳಿ. ಲಂಗರಿನ ಸರಪಳಿ ಬೋಟು ತಿರುಗಿದಂತೆ ತಳವನ್ನು ಗುಡಿಸುತ್ತದೆ. ಕವಲೊಡೆಯುವ ಹವಳ ವರ್ಷಕ್ಕೆ ಹೆಚ್ಚೆಂದರೆ 10-20 ಸೆಂಟಿಮೀಟರ್ ಬೆಳೆಯುತ್ತದೆ, ಗುಂಡುಗಲ್ಲಿನಂಥದ್ದು ಎರಡು ಸೆಂಟಿಮೀಟರೂ ಬೆಳೆಯುವುದಿಲ್ಲ. ಬುರುಡೆ ಇಲ್ಲದ ಕಡೆ ಮರಳಿನಲ್ಲೇ ಲಂಗರು ಬೀಳಬೇಕು. ಅದನ್ನು ಕೇಳಿದಾಗ ಸಿಬ್ಬಂದಿ ಕೊಡುವ ಉತ್ತರದಿಂದ ಅವರ ಉಳಿದ ಶಿಸ್ತೂ ಗೊತ್ತಾಗುತ್ತದೆ.

ಜನ ಎಷ್ಟು, ಏಣಿ ಎಷ್ಟು

ಬೋಟಿನ ಸಾಮರ್ಥ್ಯ ಕೇಳಬೇಡಿ, ಆ ದಿನ ಎಷ್ಟು ಜನ ಬರುತ್ತಾರೆ ಅಂತ ಕೇಳಿ. ನೀರಿನಲ್ಲಿ ಒಬ್ಬ ಗೈಡ್‌ಗೆ ಎಂಟು ಜನ ಇದ್ದರೆ ಚೆನ್ನ, ಹದಿನೈದಾದರೆ ಯಾರು ಯಾರನ್ನೂ ನೋಡುತ್ತಿಲ್ಲ ಅಂತಲೇ ಅರ್ಥ. ಗೈಡ್ ನೀರಿಗಿಳಿದಾಗ ಬೋಟಿನ ಮೇಲೆ ನಿಂತು ನೋಡುವವರು ಬೇರೊಬ್ಬರು ಇರಬೇಕು.

ಆಮೇಲೆ ಏಣಿ. ಫಿನ್ ಬಿಚ್ಚಿ ಹತ್ತಲು ಒಬ್ಬರಿಗೆ 40 ಸೆಕೆಂಡ್ ಹಿಡಿದರೂ 40 ಜನ ಒಂದೇ ಏಣಿಯಲ್ಲಿ ಹತ್ತಲು 27 ನಿಮಿಷ. ಎರಡೂ ಒಡಲಿನ ಹಿಂಬದಿಯಲ್ಲಿ ಒಂದೊಂದು ಏಣಿ ಇದ್ದರೆ ಆ ಹೊತ್ತು ಅರ್ಧವಾಗುತ್ತದೆ. ಕಡೆಯ ಮೆಟ್ಟಿಲು ನೀರಿನೊಳಗೆ ಎರಡು ಮೂರು ಅಡಿ ಇಳಿದಿರಬೇಕು, ಇಲ್ಲದಿದ್ದರೆ ಮಂಡಿನೋವಿನವರು ತೋಳಿನ ಬಲದಲ್ಲೇ ಏರಬೇಕಾಗುತ್ತದೆ. ಹತ್ತುವಾಗ ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಿಂದ ಫಿನ್ ಬಿಚ್ಚಿ ಮೇಲಿನವರಿಗೆ ಕೊಡಿ. ಮಾಸ್ಕ್ ಮಾತ್ರ ಮುಖದಲ್ಲೇ ಇರಲಿ. ಅಲೆಗೆ ಹಿಂಬದಿ ಮೇಲೇರಿ ಇಳಿಯುತ್ತಿರುತ್ತದೆ. ಇಳಿದಾಗ ಮೆಟ್ಟಿಲ ಮೇಲೆ ಕಾಲಿಟ್ಟು, ಏರುವಾಗ ಅದರ ಜೊತೆಗೇ ಏಳಿ. ಮುಂದಿನವರು ಪೂರ್ತಿ ಹತ್ತುವವರೆಗೆ ಅವರ ಕೆಳಗೆ ಹೋಗಬೇಡಿ, ಜಾರಿದರೆ ನಿಮ್ಮ ತಲೆಯ ಮೇಲೇ. ಪ್ರೊಪೆಲ್ಲರ್‌ಗಳು ಅಲ್ಲೇ ಹಿಂಬದಿಯ ಕೆಳಗಿರುತ್ತವೆ. ಇಂಜಿನ್ ಆಫ್ ಆಗಿದೆ ಅಂತ ಸಿಬ್ಬಂದಿ ಬಾಯಿಬಿಟ್ಟು ಹೇಳುವವರೆಗೆ ಆ ಕಡೆ ಸುಳಿಯಬೇಡಿ, ಎರಡು ಒಡಲುಗಳ ನಡುವೆ ಈಜುವ ಸಾಹಸವಂತೂ ಬೇಡವೇ ಬೇಡ.

ಖಾಸಗಿ ಬೋಟು ಲಾಭವೋ ಅನ್ನುವ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಎಂಟು ಹತ್ತು ಜನರ ಗುಂಪಾದರೆ ತಲಾ ಖರ್ಚಿನ ಅಂತರ ಕಿರಿದಾಗುತ್ತದೆ, ಸ್ಟಾಪಿನ ತೆರಿಗೆ ಅರ್ಧ ಗಂಟೆಯಿಂದ ಕಾಲು ಗಂಟೆಗೆ ಬರುತ್ತದೆ, ಉಬ್ಬರ ನೋಡಿ ಹೊರಡುವ ಹೊತ್ತನ್ನೂ ನೀವೇ ಹೇಳಬಹುದು. ಇಬ್ಬರಿಗಾದರೆ ಅಷ್ಟು ಹಣ ಸುರಿಯುವ ಬದಲು ಹದಿನೈದು ಇಪ್ಪತ್ತು ಜನರ ಚಿಕ್ಕ ಬೋಟು ಹುಡುಕುವುದು ಮೇಲು.

ಅವರ ಮಾಸ್ಕೋ, ನಿಮ್ಮದೋ

ಒಂದೇ ಒಂದು ವಸ್ತು ಸ್ವಂತದ್ದು ಇರಬೇಕು ಅಂದರೆ ಅದು ಮಾಸ್ಕ್. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಸ್ವಲ್ಪ ಉಸಿರು ಎಳೆದು ಕೈ ಬಿಡಿ. ಬೀಳದೆ ಅಂಟಿಕೊಂಡರೆ ಅದು ನಿಮ್ಮ ಮುಖದ್ದು. ಸೋರಿದಾಗ ಎಲ್ಲರೂ ಮಾಡುವ ತಪ್ಪು ಪಟ್ಟಿ ಬಿಗಿಯುವುದು; ಬಿಗಿದಷ್ಟೂ ಅಂಚು ಮಡಚಿ ಇನ್ನಷ್ಟು ಸೋರುತ್ತದೆ. ಮೊದಲು ಅಂಚಿನಲ್ಲಿ ಸಿಕ್ಕಿಕೊಂಡ ಕೂದಲು ತೆಗೆಯಿರಿ. ಮೀಸೆ ಇರುವವರಿಗೆ ಮೂಗಿನ ಕೆಳಗೆ ಸೋರುವುದು ಸಾಮಾನ್ಯ, ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದರೆ ನಿಲ್ಲುತ್ತದೆ. ಹೊಸ ಮಾಸ್ಕಿನ ಗಾಜಿನ ಒಳಗೆ ಕಾರ್ಖಾನೆಯ ತೆಳು ಪೊರೆ ಇರುತ್ತದೆ, ಟೂತ್‌ಪೇಸ್ಟಿನಿಂದ ಎರಡು ಮೂರು ಸಲ ಉಜ್ಜಿ ತೊಳೆಯದಿದ್ದರೆ ಏನು ಮಾಡಿದರೂ ಮಂಜು ಕಟ್ಟುತ್ತದೆ. ಆಮೇಲೆ ಪ್ರತಿ ಸಲ ಎರಡು ಹನಿ ಬೇಬಿ ಶಾಂಪೂ ಸವರಿ ಅದ್ದಿ ತೆಗೆದರೆ ಸಾಕು, ಎಂಜಲೂ ಅಷ್ಟೇ ಕೆಲಸ ಮಾಡುತ್ತದೆ. ನೀರಿನೊಳಗೆ ವಸ್ತುಗಳು ಕಾಲು ಭಾಗ ಹತ್ತಿರ ಕಾಣುವುದರಿಂದ ಅಲ್ಪ ಸಮೀಪದೃಷ್ಟಿ ಇರುವವರು ಕನ್ನಡಕವಿಲ್ಲದೆಯೂ ನಿಭಾಯಿಸಬಹುದು. ನಂಬರ್ ಹೆಚ್ಚಿದ್ದರೆ ಪವರ್ ಗಾಜಿನ ಮಾಸ್ಕ್ ಇದೆಯೇ ಅಂತ ಮೊದಲೇ ಕೇಳಿ.

ಇಡೀ ಮುಖ ಮುಚ್ಚುವ ಮಾಸ್ಕ್ ಹೊಸಬರಿಗೆ ಹಾಯೆನಿಸುತ್ತದೆ, ನಾವು ಮಾತ್ರ ಶಿಫಾರಸು ಮಾಡುವುದಿಲ್ಲ. ಕವಾಟ ಕೈಕೊಟ್ಟರೆ ಬಿಟ್ಟ ಉಸಿರನ್ನೇ ಮತ್ತೆ ಎಳೆಯುವ ಅಪಾಯವಿದೆ, ಗಾಬರಿಯಾದಾಗ ಕೊಳವೆಯನ್ನು ಉಗಿದ ಹಾಗೆ ಅದನ್ನು ಉಗಿಯಲಾಗದು. ಫಿನ್ ಬಾಡಿಗೆಯದ್ದೇ ಸಾಕು. ತೇಲುವ ಜಾಕೆಟ್‌ನಲ್ಲಿ ಮಾತ್ರ ವ್ಯತ್ಯಾಸ ಗಮನಿಸಿ: ದಪ್ಪ ಫೋಮಿನದ್ದು ದೇಹವನ್ನು ನೆಟ್ಟಗೆ ನಿಲ್ಲಿಸುವುದರಿಂದ ಮುಖ ಕೆಳಗಿಟ್ಟು ನೋಡಲು ತ್ರಾಸ, ಬಾಯಿಂದ ಊದುವ ಸ್ನಾರ್ಕೆಲ್ ವೆಸ್ಟ್ ನೋಡಲು ಅನುಕೂಲ, ಆದರೆ ಅದು ಲೈಫ್ ಜಾಕೆಟ್‌ಗೆ ಬದಲಿಯಲ್ಲ. ಈಜು ಬಾರದವರಿಗೆ ಫೋಮಿನದ್ದೇ ಆಗಬೇಕು.

ಸನ್‌ಸ್ಕ್ರೀನ್ ವಿಷಯದಲ್ಲಿ ಕೆಲವು ಕಡೆ ಕಾನೂನೇ ಇದೆ. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಅನ್ನುವ ರಾಸಾಯನಿಕ ಇರುವವನ್ನು ಪೆಸಿಫಿಕ್‌ನ ದ್ವೀಪದೇಶ ಪಲಾವು 2020ರಿಂದ ನಿಷೇಧಿಸಿದೆ, ಹವಾಯಿ 2021ರಿಂದ ಅವುಗಳ ಮಾರಾಟ ನಿಲ್ಲಿಸಿದೆ. ಉದ್ದ ತೋಳಿನ ಈಜಂಗಿ ಹಾಕಿದರೆ ಅರ್ಧ ಟ್ಯೂಬು ಉಳಿಯುತ್ತದೆ. ಮುಖ ಕೆಳಗೆ ಮಾಡಿ ತೇಲುವವರಿಗೆ ಸುಡುವುದು ಕುತ್ತಿಗೆಯ ಹಿಂಭಾಗ ಮತ್ತು ಮಂಡಿಯ ಹಿಂಬದಿ. ಹಚ್ಚುವಾಗ ಎಲ್ಲರೂ ಮರೆಯುವುದೂ ಅವನ್ನೇ.

ಯಾರು ಬೋಟಿನಲ್ಲೇ ಉಳಿಯಬೇಕು

ಹೃದಯದ ತೊಂದರೆ, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ನೀರು ಕುಡಿಯದೆಯೇ ಸುಮ್ಮಸುಮ್ಮನೆ ಏದುಸಿರು, ಕೈಕಾಲಿನಲ್ಲಿ ಬಲ ಇಲ್ಲದಂತೆ ಅನ್ನಿಸಿದರೆ ಅದನ್ನು ಸುಸ್ತು ಅಂತ ತಳ್ಳಿಹಾಕಬೇಡಿ. ಕೊಳವೆ ಉಗಿದು, ಅಂಗಾತ ತೇಲಿ, ಕೈ ಎತ್ತಿ, ತಕ್ಷಣ ಬೋಟು ಹತ್ತಿ. ವಾಂತಿಯ ಮಾತ್ರೆ ಹೊರಡುವ ಅರ್ಧದಿಂದ ಒಂದು ಗಂಟೆ ಮೊದಲೇ ಹೊಟ್ಟೆಯಲ್ಲಿರಬೇಕು, ತೊಳಸಲು ಶುರುವಾದ ಮೇಲೆ ನುಂಗಿ ಫಲವಿಲ್ಲ. ಹಲವು ಮಾತ್ರೆಗಳು ಮಂಪರು ತರುತ್ತವೆ. ಮೊದಲ ಸಲ ತೆಗೆದುಕೊಳ್ಳುವವರು ಬೇರೊಂದು ದಿನ ದಡದಲ್ಲೇ ಪರೀಕ್ಷಿಸಿ ನೋಡಿ. ಬೋಟಿನಲ್ಲಿ ಮದ್ಯ ಪುಕ್ಕಟೆ ಇದ್ದರೂ ಕೊನೆಯ ಸ್ಟಾಪ್ ಮುಗಿಯುವವರೆಗೆ ಮುಟ್ಟಬೇಡಿ. ನೀರು 27 ಡಿಗ್ರಿ ಇದ್ದರೂ ಮಕ್ಕಳು ಅರ್ಧ ಗಂಟೆಗೆಲ್ಲ ನಡುಗುತ್ತಾರೆ, ತುಟಿ ನೀಲಿಯಾಗುವವರೆಗೆ ಕಾಯದೆ ಮೇಲೆತ್ತಿಕೊಳ್ಳಿ.

ಯಾವ ದಿನಕ್ಕೆ ಬುಕ್ ಮಾಡುವುದು

ಸ್ಕೂಬಾ ಮಾಡಿದವರು ವಿಮಾನ ಹತ್ತಲು 12ರಿಂದ 18 ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ನೀರಿನ ಮೇಲೇ ತೇಲುವ ಸ್ನಾರ್ಕೆಲಿಂಗ್‌ಗೆ ಆ ನಿರ್ಬಂಧ ಇಲ್ಲ. ಅದಕ್ಕೇ ಜನ ಈ ಟ್ರಿಪ್ಪನ್ನು ಪ್ರವಾಸದ ಕೊನೆಯ ದಿನಕ್ಕೆ ತಳ್ಳುತ್ತಾರೆ. ಹಾಗೆ ಮಾಡಬೇಡಿ. ಗಾಳಿ ಎದ್ದರೆ ಕ್ಯಾಪ್ಟನ್ ರದ್ದು ಮಾಡುತ್ತಾರೆ, ಮಾಡಲೇಬೇಕು. ಬದಲಿ ದಿನ ಕೊಡುತ್ತೇವೆ ಅಂದಾಗ ನಿಮ್ಮ ಬಳಿ ದಿನ ಉಳಿದಿರಬೇಕಲ್ಲ. ಎರಡನೆಯ ಅಥವಾ ಮೂರನೆಯ ದಿನಕ್ಕೆ ಹಾಕಿ, ರದ್ದಾದರೆ ಹಣ ವಾಪಸೋ ಬರೀ ಬದಲಿ ದಿನವೋ ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ರದ್ದು ಮಾಡದೆ ‘ಜಾಗ ಬದಲಾಯಿಸುತ್ತೇವೆ’ ಅಂದರೆ ಹೊಸ ಜಾಗ ಗಾಳಿಮರೆಯಲ್ಲಿದೆಯೇ, ಆಳ ಎಷ್ಟು, ದೂರ ಎಷ್ಟು ಅಂತ ಕೇಳಿ, ನಿಮಿಷದ ಲೆಕ್ಕವನ್ನು ಇನ್ನೊಮ್ಮೆ ಹಾಕಿ. ನೀರಿನಲ್ಲಿ ಅರ್ಧ ಗಂಟೆಯೂ ಸಿಗುವುದಿಲ್ಲ ಅನ್ನಿಸಿದರೆ ಬದಲಿ ದಿನವನ್ನೇ ಕೇಳಿ.